ಮಗುವಿನ ಕೆಮಿಸ್ಟ್ರಿ ಪುಸ್ತಕದ ವಿಚಾರ

ಪ್ರಥಮ ಪಿಯುಸಿಯ ಮಗನಿಗೆ ರಾಸಾಯನಿಕ ಸಮತೋಲನ ತಲೆಗೆ ಹತ್ತುತ್ತಿಲ್ಲ, ಯಾವ ಗೈಡು ಕೊಡಿಸಲಿ ಎಂದು ಚಿತ್ರದುರ್ಗದಿಂದ ನೀನು ಗಾಬರಿಯಾಗಿ ಕೇಳಿದ್ದೀಯಮ್ಮ. ಮೊದಲೇ ಗೈಡು ಕೊಡಿಸಬೇಡ. ಹರಿಹರದ ನಮ್ಮ ತಮ್ಮನ ಮಗ ಕೆಮಿಸ್ಟ್ರಿಯಲ್ಲಿ ಫೇಲಾದದ್ದು ನಿಮಗೆಲ್ಲ ಗೊತ್ತೇ ಇದೆ. ಏಕೆ ಫೇಲಾದನೆಂಬುದು ಪೂರಕ ಪರೀಕ್ಷೆಗೆ ಓದಲು ಅವನು ದಾವಣಗೆರೆಯ ನಮ್ಮ ಮನೆಗೆ ಬಂದಾಗ, ಅವನ ಗೈಡನ್ನು ತೆರೆದು ನೋಡಿದ ಮೇಲೆ ನನಗೆ ತಿಳಿಯಿತು. ಸಮತೋಲನದಲ್ಲಿ ಎಲ್ಲ ವಸ್ತುಗಳ ಸಾರತೆ (ಒಂದು ಲೀಟರಿನಲ್ಲಿ ವಸ್ತು ಎಷ್ಟಿದೆ ಎಂಬ ಅಳತೆ) ಸಮವಾಗಿರುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು, ಮಗು ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿತ್ತು. ಸಮವಾಗುವುದು ಮುಮ್ಮುಖ ಮತ್ತು ಹಿಮ್ಮುಖ ಕ್ರಿಯೆಗಳ ವೇಗ. ಎರಡೂ ಒಂದೇ ವೇಗದಲ್ಲಿ ನಡೆಯುತ್ತಲೇ ಇರುವುದರಿಂದ ಸಾರತೆಗಳು ತಮ್ಮ ತಮ್ಮ ಮಟ್ಟದಲ್ಲಿ ಬದಲಾಗದೆ ಉಳಿಯುತ್ತವೆ, ಅಷ್ಟೇ. ಹೈಡ್ರೋಜನ್ ಮತ್ತು ಅಯೋಡಿನ್ ಸೇರಿ ಹೈಡ್ರೋಜನ್ ಅಯೋಡೈಡ್ ಆಗುವ ಲೆಕ್ಕದಲ್ಲಿ ಮೂರಕ್ಕೂ ಒಂದೇ ಸಾರತೆ ಹಾಕಿದರೆ ಸಮತೋಲನ ಸ್ಥಿರಾಂಕ, ಅಂದರೆ ಉತ್ಪನ್ನದ ಮತ್ತು ಮೂಲ ವಸ್ತುಗಳ ಸಾರತೆಗಳಿಂದ ಲೆಕ್ಕ ಹಾಕುವ ಅನುಪಾತ, 1 ಬರುತ್ತದೆ, ಆದರೆ 700 ಕೆಲ್ವಿನ್‌ನಲ್ಲಿ ಅದರ ನಿಜವಾದ ಬೆಲೆ 50ಕ್ಕೂ ಹೆಚ್ಚು. ಅಷ್ಟು ಚುರುಕಾದ ಹುಡುಗ ಪ್ರತಿ ಲೆಕ್ಕದಲ್ಲೂ ಅಲ್ಲಿಯೇ ಎಡವುತ್ತಿದ್ದ. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಮೊದಲೇ ಗೈಡು ಬೇಡ.

ನನಗೆ ಹೊಟ್ಟೆ ಉರಿಯುವುದು ಏನೆಂದರೆ, ಅಷ್ಟೊಂದು ಫೀಸು ಕಟ್ಟಿಸಿಕೊಂಡ ಆ ಹುಡುಗನ ಕಾಲೇಜು ಲ್ಯಾಬ್ ಅವಧಿಯನ್ನೂ ಟೆಸ್ಟಿಗೇ ಬಳಸಿಕೊಂಡಿತು. ನಾನು ಪಾಠ ಮಾಡುತ್ತಿದ್ದಾಗ ಫೆರಿಕ್ ನೈಟ್ರೇಟ್ ದ್ರಾವಣಕ್ಕೆ ಪೊಟ್ಯಾಸಿಯಂ ಥಯೋಸಯನೇಟ್ ಹನಿಸಿ ಮಕ್ಕಳ ಕೈಗೇ ಪ್ರನಾಳ ಕೊಡುತ್ತಿದ್ದೆ. ಬಣ್ಣ ರಕ್ತದಂತೆ ಕೆಂಪಾಗುತ್ತದೆ, ಥಯೋಸಯನೇಟ್ ಇನ್ನಷ್ಟು ಹಾಕಿದರೆ ಗಾಢವಾಗುತ್ತದೆ, ಆಕ್ಸಾಲಿಕ್ ಆಮ್ಲ ಹಾಕಿದರೆ ಅದು ಕಬ್ಬಿಣದ ಅಯಾನುಗಳನ್ನು ಹಿಡಿದುಕೊಳ್ಳುವುದರಿಂದ ತಿಳಿಯಾಗುತ್ತದೆ. ಇದನ್ನು ಕಣ್ಣಾರೆ ಕಂಡ ಮಗುವಿಗೆ ಲಶಾಟೆಲಿಯರ್ ನಿಯಮವನ್ನು, ಅಂದರೆ ಸಮತೋಲನಕ್ಕೆ ಬದಲಾವಣೆ ತಂದರೆ ಅದು ಆ ಬದಲಾವಣೆಯನ್ನು ತಗ್ಗಿಸುವ ಕಡೆಗೆ ಸರಿಯುತ್ತದೆ ಎಂಬುದನ್ನು, ಉರು ಹೊಡೆಸಬೇಕಾಗಿಲ್ಲ. ಅದಕ್ಕೂ ಬಿಡುವಿಲ್ಲವೆಂದರೆ ಮಕ್ಕಳು ಕಲಿಯುವುದಾದರೂ ಹೇಗೆ?

ಅಂದಹಾಗೆ, ನೀನು ಕೇಳಿದ್ದು ಪುಸ್ತಕ. ಎನ್‌ಸಿಇಆರ್‌ಟಿಯ 11ನೇ ತರಗತಿಯ ರಸಾಯನಶಾಸ್ತ್ರ, ಮೊದಲ ಭಾಗ ಸಾಕು. ಸಮತೋಲನ ಅದರ ಕೊನೆಯ ಅಧ್ಯಾಯ, ಅವರ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತದೆ. ಪಾಠದ ನಡುವೆ ಬಿಡಿಸಿ ತೋರಿಸಿರುವ ಲೆಕ್ಕಗಳನ್ನು ಉತ್ತರ ಮುಚ್ಚಿಟ್ಟು ಮಾಡಲಿ, ಆಮೇಲೆ ಅಧ್ಯಾಯದ ಕೊನೆಯ ಅಭ್ಯಾಸ, ಅದೂ ಮುಗಿದ ಮೇಲೆ ಬೋರ್ಡಿನ ಹಳೆಯ ಪ್ರಶ್ನೆಪತ್ರಿಕೆಗಳು. ಎಲ್ಲಿ ಸಿಕ್ಕಿಕೊಂಡನೋ ಆ ಪುಟದ ಫೋಟೋ ತೆಗೆದು ನನಗೆ ಕಳಿಸಲಿ.