‘ಫ್ರಾಜೈಲ್ ಸ್ಟೇಟ್’ ಅನ್ನುವುದಕ್ಕೆ ‘ದುರ್ಬಲ ರಾಷ್ಟ್ರ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಅಫ್ಘಾನಿಸ್ತಾನದ ಆರೋಗ್ಯ ವ್ಯವಸ್ಥೆಯ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಫ್ರಾಜೈಲ್ ಸ್ಟೇಟ್’, ಅಂದರೆ ಆಡಳಿತ ವ್ಯವಸ್ಥೆ ಸುಲಭವಾಗಿ ಕುಸಿಯಬಹುದಾದ ದೇಶ, ಅನ್ನುವಲ್ಲಿಗೆ ಬಂದು ನಿಂತುಬಿಟ್ಟಿದ್ದೇನೆ.

‘ದುರ್ಬಲ ರಾಷ್ಟ್ರ’ ಎಂದು ಬರೆದೆ, ಹೊಡೆದುಹಾಕಿದೆ. ದುರ್ಬಲ ಅಂದರೆ ಬಲ ಸಾಲದು ಅಂತಷ್ಟೇ. ನಾಲ್ಕು ದಿನ ಆರೈಕೆ ಮಾಡಿದರೆ ಎದ್ದು ಕೂತೀತು ಅನ್ನಿಸುತ್ತದೆ. ಅಲ್ಲಿ ಆದದ್ದೇ ಬೇರೆ. 2003ರಲ್ಲಿ ಅಲ್ಲಿನ ಸರ್ಕಾರ ಹೆರಿಗೆ, ಲಸಿಕೆ, ಕ್ಷಯದಂಥ ಮೂಲ ಸೇವೆಗಳು ಯಾವುವೆಂದು ಗೊತ್ತುಮಾಡಿ, ಬಹುತೇಕ ಪ್ರಾಂತ್ಯಗಳಲ್ಲಿ ಅವನ್ನು ನಡೆಸಲು ಸ್ವಯಂಸೇವಾ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಿತು. ದುಡ್ಡು ಹೊರದೇಶಗಳದ್ದು. ಆಸ್ಪತ್ರೆಗಳು ಹೆಚ್ಚಿದವು, ತಾಯಂದಿರ ಸಾವು ಇಳಿಯಿತು. 2021ರ ಆಗಸ್ಟಿನಲ್ಲಿ ತಾಲಿಬಾನ್ ಕಾಬೂಲನ್ನು ಹಿಡಿದಾಗ ವಿಶ್ವಬ್ಯಾಂಕ್ ಹಣ ತಡೆಹಿಡಿಯಿತು. ಸಂಬಳ ನಿಂತಿತು, ಔಷಧಿ ಮುಗಿಯುತ್ತ ಬಂತು. ಆಗ ನಡೆಯುತ್ತಿದ್ದ ಯೋಜನೆಯ ಹೆಸರು ‘ಸೆಹತ್‌ಮಂದಿ’, ಅಲ್ಲಿನ ದರಿ ಭಾಷೆಯಲ್ಲಿ ಆರೋಗ್ಯವಾಗಿರುವಿಕೆ.

ನಮ್ಮಮ್ಮ ಹಳೇ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ‘ಪಿಸಿದುಹೋಗಿದೆ ಕಣೋ’ ಅನ್ನುತ್ತಿದ್ದರು. ಮಡಿಸಿಟ್ಟರೆ ಗೊತ್ತಾಗುವುದಿಲ್ಲ. ತೇಪೆ ಹಾಕಿದರೆ ತೇಪೆಯೇನೋ ಗಟ್ಟಿಯಾಗಿ ಕೂರುತ್ತದೆ, ಹೊಲಿಗೆಯ ಪಕ್ಕದಲ್ಲೇ ಹಳೇ ನೂಲು ಬಿಟ್ಟುಕೊಳ್ಳುತ್ತದೆ. ನನಗೆ ಬೇಕಾದ ಅರ್ಥ ಇದು. ‘ಪಿಸಿದ ನಾಡು’ ಅಂದರೆ ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ತಿಳಿಯುತ್ತದೆಯೇ? ನಿಮ್ಮಲ್ಲಿ ಇಂಥ ಬಟ್ಟೆಗೆ ಏನನ್ನುತ್ತೀರಿ? ‘ಶಿಥಿಲ’ ಹತ್ತಿರ ಬರುತ್ತದೆ, ಆದರೆ ಅದರ ಜೊತೆ ಪಾಳುಗುಡಿಯೂ ಬರುತ್ತದೆ. ‘ಭಂಗುರ’ ವೇದಾಂತದ ಮಾತಾಯಿತು.

ಇನ್ನೊಂದು, ‘ಪುನರ್ನಿರ್ಮಾಣ’. 2002ರ ಸಮೀಕ್ಷೆಯಲ್ಲಿ ಬದಖ್ಶಾನ್ ಪ್ರಾಂತ್ಯದ ರಾಘ್ ಜಿಲ್ಲೆಯಲ್ಲಿ ಲಕ್ಷ ಜೀವಂತ ಜನನಗಳಿಗೆ ಸುಮಾರು 6,500 ತಾಯಂದಿರ ಸಾವು ಕಂಡುಬಂದಿತ್ತು. ಅಂಥ ಕಡೆ ‘ಮತ್ತೆ’ ಕಟ್ಟಲು ಮೊದಲು ಏನಿತ್ತು? ನಾನು ಬರೀ ‘ಕಟ್ಟುವುದು’ ಎಂದೇ ಇಟ್ಟಿದ್ದೇನೆ.

ಕಡೆಯದಾಗಿ, ಅಲ್ಲಿ ಹಳ್ಳಿಗಳಿಂದಲೇ ಹೆಣ್ಣುಮಕ್ಕಳನ್ನು ಆರಿಸಿ, ಹೆರಿಗೆಯ ತರಬೇತಿ ಕೊಟ್ಟು, ಅವರವರ ಸೀಮೆಗೇ ಕಳಿಸಿದರು. ಅವರನ್ನು ‘ಸೂಲಗಿತ್ತಿ’ ಎಂದಿದ್ದೇನೆ. ಸೂಲಗಿತ್ತಿ ಎಂದರೆ ಓದಿಲ್ಲದ ಅಜ್ಜಿ ಎಂದುಕೊಳ್ಳುತ್ತಾರೆ ಅಂತ ಗೆಳೆಯರೊಬ್ಬರ ತಕರಾರು. ‘ತರಬೇತಾದ ಸೂಲಗಿತ್ತಿ’ ಅಂದರೆ ಸಾಲದೇ? ಆ ಪದ ಬಿಡಲು ನನಗೆ ಮನಸ್ಸಿಲ್ಲ. ‘ಪ್ರಸೂತಿ ಸಹಾಯಕಿ’ ಎಂದು ಯಾವ ಬಸುರಿಯೂ ಕೂಗಿ ಕರೆಯುವುದಿಲ್ಲ.