ಸಹಾಯ ಬೇಕು (2021ರ ಮಳೆಗಾಲ, ಕೋವಿಡ್ ಸಮಯ): ಈ ಮಳೆಯಲ್ಲಿ ಆಫೀಸಿಗೆ ಗಾಳಿ ಆಡಿಸೋದು ಹೇಗೆ?

ಕಾರವಾರದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡ್ಕೊಳ್ತೀನಿ. ಸೋಮವಾರದಿಂದ 12 ಜನರೂ ಆಫೀಸಿಗೇ ಬರಬೇಕಂತೆ. ನಾನು ಅಂಕೋಲೆಯಿಂದ ಬಸ್ಸಲ್ಲಿ ಹೋಗಿ ಬರೋಳು. ಮನೆಯಲ್ಲಿ ಅಮ್ಮನಿಗೆ ಅಸ್ತಮಾ. ಅವಳಿಗೆ ಕೋವಿಡ್ ಲಸಿಕೆ ಕೋವಿಶೀಲ್ಡ್ ಒಂದೇ ಡೋಸ್ ಆಗಿದೆ, ಎರಡನೇದಕ್ಕೆ 84 ದಿನ ಕಾಯಬೇಕು, ಇನ್ನೂ ಐದು ವಾರ ಇದೆ. ರಾತ್ರಿ ಅವಳು ಉಸಿರಿಗೆ ಒದ್ದಾಡಿ ಎದ್ದು ಕೂತಾಗೆಲ್ಲ ನನ್ನ ಎದೆ ಡವಗುಟ್ಟುತ್ತೆ.

ಮಾಸ್ಕ್, ಸ್ಯಾನಿಟೈಸರ್ ಎಲ್ಲ ಇದೆ. ತೊಂದರೆ ಗಾಳಿಯದು. ನಮ್ಮದು ಸ್ಪ್ಲಿಟ್ ಎಸಿ. ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಬಿಡುತ್ತೆ, ಹೊರಗಿನದನ್ನು ತರೋದಿಲ್ಲ. ಕಿಟಕಿ ತೆರೆದು ನೋಡಿದ್ವಿ. ಸಮುದ್ರದ ಕಡೆಯಿಂದ ಮಳೆ ಅಡ್ಡಡ್ಡ ಹೊಡೆದು ವೋಚರ್ ಕಟ್ಟೆಲ್ಲ ತೊಯ್ದು ಹೋಯ್ತು. ಪಾಳಿ ಹಾಕಿ ಅರ್ಧರ್ಧ ಜನ ಬರ್ತೀವಿ ಅಂದ್ರೆ ಮ್ಯಾನೇಜರ್ ಒಪ್ಪಲಿಲ್ಲ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸ್ತೀನಿ ಅಂದಿದಾರೆ, ಅಷ್ಟಾದ್ರೂ ಆಯ್ತಲ್ಲ.

ನನಗೆ ತಿಳೀತಾ ಇಲ್ಲದ್ದು ಇದು. ಫ್ಯಾನ್ ಗಾಳಿ ಹೊರಗೆ ಹಾಕಬೇಕಂದ್ರೆ ಇನ್ನೊಂದು ಕಡೆಯಿಂದ ಒಳಗೆ ಬರಲೂಬೇಕು. ಕಿಟಕಿಗಳೆಲ್ಲ ಪಶ್ಚಿಮಕ್ಕೆ, ಮಳೆಗೆ ಎದುರು. ಬಾಗಿಲು ಪೂರ್ವಕ್ಕೆ, ಮುಚ್ಚಿದ ಕಾರಿಡಾರಿಗೆ. ಬಾಗಿಲು ತೆರೆದಿಟ್ರೆ ಸಾಕಾ, ಇಲ್ಲ ಕಿಟಕಿಗೆ ಹೊರಗಿಂದ ತಗಡಿನ ಇಳಿಜಾರು ಕಟ್ಟಿ ಸ್ವಲ್ಪ ತೆರೆದಿಡಬೇಕಾ? ಫ್ಯಾನ್ ಯಾವ ಗೋಡೆಗೆ? ಕರಾವಳಿಯಲ್ಲಿ ಇಂಥದ್ದು ಮಾಡಿಸಿದವರು ದಯವಿಟ್ಟು ಭಾನುವಾರದೊಳಗೆ ಹೇಳಿ.