ಯುದ್ಧದಲ್ಲಿ ಸತ್ತವರ ಪಂಚನಾಮೆ ಯಾರು ಬರೆಯುತ್ತಾರೆ?

ಪ್ರಶ್ನೆ (ಗೋಕಾಕದ ಶಾಲಾ ಶಿಕ್ಷಕಿ):
ವಕೀಲರೇ, ನಮಸ್ಕಾರ. ಅಪಘಾತ ಪರಿಹಾರದ ಬಗ್ಗೆ ನೀವು ಈ ಗುಂಪಿನಲ್ಲಿ ಬರೆಯುವುದನ್ನು ಓದುತ್ತಿರುತ್ತೇನೆ. ಬೆಳಗಾವಿಯಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಯುದ್ಧದ ಕಾನೂನಿನ ಪಾಠವನ್ನೂ ಮಾಡ್ತೀರಂತೆ, ಅದಕ್ಕೇ ಕೇಳುತ್ತಿದ್ದೇನೆ. ದಿನಾ ಟಿವಿಯಲ್ಲಿ ಡ್ರೋನ್ ದಾಳಿ, ಇಷ್ಟು ಜನ ಸತ್ತರು ಅಂತ ಬರುತ್ತೆ. ನಮ್ಮ ಮನೆಯವರು "ಯುದ್ಧ ಅಂದ ಮೇಲೆ ಜನ ಸಾಯೋದೇ, ಯಾರನ್ನ ಕೇಳೋದು" ಅಂತ ಚಾನೆಲ್ ಬದಲಿಸುತ್ತಾರೆ. ನಿಜವಾಗ್ಲೂ ಯಾರನ್ನೂ ಕೇಳೋ ಹಾಗಿಲ್ವಾ?

ಉತ್ತರ:
ಕೇಳೋ ಹಾಗಿದೆ ಟೀಚರ್. ಆದರೆ ಕೇಳಬೇಕಾದರೆ ಮೊದಲು ಕಾಗದ ಬೇಕು. ಅದೇ ಇರುವುದಿಲ್ಲ.

ನನ್ನ ಮೇಜಿನ ಮೇಲೆ ಈಗ ಒಂದು ಎಂವಿಸಿ ಕೇಸಿನ, ಅಂದರೆ ವಾಹನ ಅಪಘಾತ ಪರಿಹಾರದ ಕೇಸಿನ ಫೈಲ್ ಇದೆ. ಸಂಕೇಶ್ವರದ ಹತ್ತಿರ ಹೈವೇಯಲ್ಲಿ ಲಾರಿ ಬಡಿದು ಸತ್ತ ಕೂಲಿಯವನದು. ಅದರಲ್ಲಿ ಎಫ್‌ಐಆರ್ ಇದೆ, ಸ್ಥಳದ ಪಂಚನಾಮೆ ಇದೆ, ಪೋಸ್ಟ್‌ಮಾರ್ಟಂ ರಿಪೋರ್ಟ್ ಇದೆ. ಚಪ್ಪಲಿ ರಸ್ತೆಯ ಅಂಚಿನಿಂದ ಎಷ್ಟು ಅಡಿ ದೂರ ಬಿದ್ದಿತ್ತು ಅಂತಲೂ ಬರೆದಿದ್ದಾರೆ. ಅವನ ಆದಾಯಕ್ಕೆ ದಾಖಲೆ ಇಲ್ಲ. ಆದರೂ ಕೋರ್ಟು ಒಂದು ಅಂದಾಜು ಆದಾಯ ಹಿಡಿಯುತ್ತೆ. ವಯಸ್ಸು 34. ಸುಪ್ರೀಂ ಕೋರ್ಟು 2009ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ, ಅವನು ಮನೆಗೆ ಕೊಡುತ್ತಿದ್ದ ವರ್ಷದ ದುಡ್ಡನ್ನು 16ರಿಂದ ಗುಣಿಸಬೇಕು. ಹೆಂಡತಿ, ಎರಡು ಮಕ್ಕಳು, ತಾಯಿ, ಎಲ್ಲರ ಹೆಸರೂ ಅರ್ಜಿಯಲ್ಲಿವೆ. ಹೋದ ಜೀವ ಬರಲ್ಲ, ನಿಜ. ಆದರೆ ಅವನು ಹೇಗೆ ಸತ್ತ ಅನ್ನೋದಕ್ಕೆ ಯಾರೋ ಒಬ್ಬರು ಉತ್ತರ ಕೊಡಲೇಬೇಕು.

ಬಾಂಬು ಬಿದ್ದು ಸತ್ತವರಿಗೆ ಹೆಚ್ಚಿನ ಸಲ ಇಷ್ಟು ಕೂಡ ಸಿಗುವುದಿಲ್ಲ.

2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಏನಾಯ್ತು ನೋಡಿ. ಅಮೆರಿಕದ ಸೇನೆ ಒಂದು ಬಿಳಿ ಕಾರನ್ನು ಸುಮಾರು 8 ಗಂಟೆ ಮೇಲಿನಿಂದ ನೋಡಿತು, ಅದರಲ್ಲಿ ಸ್ಫೋಟಕ ಇದೆ ಅಂದುಕೊಂಡಿತು. ಕಾರು ಮನೆಯ ಅಂಗಳಕ್ಕೆ ಬಂದಾಗ ಕ್ಷಿಪಣಿ ಹೊಡೆಯಿತು. ಸತ್ತವರು 10 ಜನ, ಅವರಲ್ಲಿ 7 ಮಕ್ಕಳು. ಕಾರಿನವನು ಒಂದು ಪರಿಹಾರ ಸಂಸ್ಥೆಯ ನೌಕರ. ಅವನು ಕಾರಿಗೆ ಹೇರುತ್ತಿದ್ದದ್ದು ಮನೆಗೆ ಒಯ್ಯುವ ನೀರಿನ ಕ್ಯಾನು. ಸೇನೆ ಮೊದಲು ದಾಳಿಯನ್ನು ಸಮರ್ಥಿಸಿಕೊಂಡಿತು. ಪತ್ರಕರ್ತರು ಮನೆಗೆ ಹೋಗಿ, ಅಕ್ಕಪಕ್ಕದವರನ್ನು ಮಾತಾಡಿಸಿ, ಸಿಸಿಟಿವಿ ತೆಗೆಸಿ ನೋಡಿದ ಮೇಲೆ ಸೆಪ್ಟೆಂಬರ್ 17ರಂದು ತಪ್ಪು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಯಾರಿಗೂ ಶಿಕ್ಷೆ ಇಲ್ಲ ಅಂತ ತೀರ್ಮಾನವಾಯಿತು.

ಕಾನೂನು ಏನು ಹೇಳುತ್ತೆ ಅಂದರೆ, ಸೈನಿಕ ಯಾರು, ಸಾಮಾನ್ಯ ಜನ ಯಾರು ಅಂತ ಬೇರೆ ಮಾಡಿ ನೋಡಬೇಕು. ಜನರ ಮೇಲೆ ಬೇಕಂತಲೇ ದಾಳಿ ಮಾಡುವುದು ಯುದ್ಧಾಪರಾಧ. ಸೇನೆಯ ಗುರಿಗೆ ಹೊಡೆಯುವಾಗ ಪಕ್ಕದಲ್ಲಿ ಜನ ಸತ್ತರೆ ಅದು ತಾನಾಗಿಯೇ ಅಪರಾಧ ಆಗುವುದಿಲ್ಲ. ಇದನ್ನು ಹೇಳುವಾಗ ನನಗೂ ಸಂಕಟ ಆಗುತ್ತೆ. ಆದರೆ ಸೇನೆಗೆ ಸಿಗುವ ಲಾಭಕ್ಕೆ ಹೋಲಿಸಿದರೆ ಜನರ ಸಾವು ಮಿತಿ ಮೀರಬಾರದು, ಹೊಡೆಯುವ ಮುಂಚೆ ಆದಷ್ಟೂ ಎಚ್ಚರ ವಹಿಸಬೇಕು. ಹುಕುಂ ಕೊಟ್ಟವನಿಗೆ ಆ ಹೊತ್ತಿನಲ್ಲಿ ಏನೇನು ಗೊತ್ತಿತ್ತು ಅನ್ನುವುದರ ಮೇಲೆ ತೀರ್ಪು ನಿಲ್ಲುತ್ತೆ. ಅದು ಗೊತ್ತಾಗಬೇಕಾದರೆ ಸೇನೆಯ ದಾಖಲೆ ಹೊರಗೆ ಬರಬೇಕು. ಬೀಗ ಅಲ್ಲೇ ಇರುವುದು.

ಪ್ರಶ್ನೆ (ಖಾನಾಪುರದ ನಿವೃತ್ತ ಸುಬೇದಾರ್):
ಸಾಹೇಬ್ರೇ, 28 ವರ್ಷ ಸೇನೆಯಲ್ಲಿದ್ದೆ. ಎದುರಿಗೆ ಗುಂಡು ಬರುವಾಗ ಯೋಚನೆ ಮಾಡೋಕೆ ಎರಡು ಸೆಕೆಂಡೂ ಇರಲ್ಲ. ಕುರ್ಚಿಯಲ್ಲಿ ಕೂತವರಿಗೆ ಅದು ತಿಳಿಯಲ್ಲ. ಆದರೂ ಒಂದು ಮಾತು ಹೇಳ್ತೀನಿ. ನಮ್ಮಲ್ಲಿ ಒಂದು ರೈಫಲ್ ಕಳೆದರೂ ಕೋರ್ಟ್ ಆಫ್ ಎಂಕ್ವೈರಿ, ಅಂದರೆ ಸೇನೆಯೊಳಗಿನ ವಿಚಾರಣೆ, ಕೂರುತ್ತೆ. ಒಂದು ಮಗು ಸತ್ತರೆ ಕೂರಬಾರದು ಅಂತ ನಾನು ಹೇಳಲ್ಲ. ಆದರೆ ಕೊನೆಗೆ ಜವಾನನೊಬ್ಬನೇ ಸಿಕ್ಕಿಬೀಳ್ತಾನೆ, ಅಲ್ವಾ?

ಉತ್ತರ:
ಸುಬೇದಾರ್ ಸಾಹೇಬ್ರೇ, ರೈಫಲ್ಲಿನ ಮಾತು ಇನ್ನು ನನ್ನ ಪಾಠದಲ್ಲೂ ಬರುತ್ತೆ, ನಿಮ್ಮ ಅಪ್ಪಣೆ ಇದ್ದರೆ.

ನಿಮ್ಮ ಭಯ ಸರಿಯಾದದ್ದೇ. ಅದಕ್ಕಂತಲೇ ಕಾನೂನಿನಲ್ಲಿ ಮೇಲಧಿಕಾರಿಯ ಹೊಣೆ ಅಂತ ಇದೆ. ಕೈಕೆಳಗಿನವರು ಅಪರಾಧ ಮಾಡುತ್ತಿದ್ದಾರೆ ಅಂತ ಗೊತ್ತಿದ್ದೂ ತಡೆಯದಿದ್ದರೆ, ಆಮೇಲೆ ಶಿಕ್ಷಿಸದಿದ್ದರೆ, ಅವನೂ ತಪ್ಪಿತಸ್ಥ. ಎರಡು ಸೆಕೆಂಡಿನ ಮಾತೂ ನಿಜ. ಆದರೆ ಕಾಬೂಲಿನಲ್ಲಿ 8 ಗಂಟೆ ಇತ್ತು. ಈಗಿನ ದಾಳಿಗಳಲ್ಲಿ ಬಹಳಷ್ಟು ದೂರದ ಕೋಣೆಯಲ್ಲಿ, ಪರದೆಯ ಮುಂದೆ, ಹಲವರು ಸೇರಿ ತೀರ್ಮಾನ ಮಾಡುವಂಥವು.

ಹೊಣೆ ಮೇಲಕ್ಕೆ ಹೋಗುವ ದಾರಿ ಇನ್ನೊಂದಿದೆ, ಅದು ಸಂಸತ್ತು. 2015ರ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಎಫ್-16 ವಿಮಾನ ಇರಾಕಿನ ಹವೀಜಾದಲ್ಲಿ ಉಗ್ರರ ಬಾಂಬ್ ಕಾರ್ಖಾನೆಗೆ ಹೊಡೆಯಿತು. ಒಳಗಿದ್ದ ಸ್ಫೋಟಕವೆಲ್ಲಾ ಸಿಡಿದು ಸುತ್ತಲಿನ ಓಣಿಗಳೇ ನೆಲಸಮ ಆದವು. ಕನಿಷ್ಠ 70 ಸಾಮಾನ್ಯ ಜನ ಸತ್ತರು. ಜನ ಸತ್ತ ಮಾಹಿತಿ ನಮಗಿಲ್ಲ ಅಂತ ಅಲ್ಲಿನ ಸಂಸತ್ತಿಗೆ ಹೇಳಲಾಗಿತ್ತು. 2019ರಲ್ಲಿ ಪತ್ರಕರ್ತರು ಸತ್ಯ ಹೊರಗೆ ಹಾಕಿದ ಮೇಲೆ ರಕ್ಷಣಾ ಮಂತ್ರಿ ಒಪ್ಪಿಕೊಂಡರು, ಅವಿಶ್ವಾಸ ಗೊತ್ತುವಳಿ ಎದುರಿಸಬೇಕಾಯಿತು. ಆಮೇಲೆ ಸ್ವತಂತ್ರ ಆಯೋಗ ಕೂತು 2025ರ ಜನವರಿಯಲ್ಲಿ ವರದಿ ಕೊಟ್ಟಿತು. ಸುಮಾರು 10 ವರ್ಷ. ತಡ ಅಂದರೆ ಬಹಳ ತಡ. ಆದರೂ ಅಲ್ಲಿ ಪ್ರಶ್ನೆ ಪೈಲಟ್‌ಗೆ ಅಲ್ಲ, ಸರ್ಕಾರಕ್ಕೆ ಹೋಯಿತು.

ಪ್ರಶ್ನೆ (ಅಥಣಿಯ ಕಾನೂನು ವಿದ್ಯಾರ್ಥಿ):
ಸರ್, ಬೇರೆ ದೇಶದ ಕತೆ ಆಯ್ತು. ನಮ್ಮಲ್ಲಿ?

ಉತ್ತರ:
ಕೇಳಬೇಕಾದ್ದನ್ನೇ ಕೇಳಿದೆ ತಮ್ಮಾ. ನಮ್ಮಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ. ಆದರೆ ಅದರ 17ನೇ ಕಲಂ ನೋಡು. ಸರ್ಕಾರವೋ ಅದು ಹೆಸರಿಸಿದ ಅಧಿಕಾರಿಯೋ ದೂರು ಕೊಡದೆ ಈ ಕಾಯ್ದೆಯಡಿ ಯಾವ ಕೋರ್ಟೂ ಕೇಸು ತೆಗೆದುಕೊಳ್ಳುವ ಹಾಗಿಲ್ಲ. ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿಗೆ ಭಾರತ ಸೇರಿಲ್ಲ.

ನಾಗಾಲ್ಯಾಂಡಿನ ಓಟಿಂಗ್ ಯುದ್ಧಭೂಮಿ ಅಲ್ಲ, ನಮ್ಮದೇ ಹಳ್ಳಿ. 2021ರ ಡಿಸೆಂಬರ್ 4ರ ಸಂಜೆ ಕಲ್ಲಿದ್ದಲು ಗಣಿಯ ಕೆಲಸ ಮುಗಿಸಿ ಪಿಕಪ್ ಗಾಡಿಯಲ್ಲಿ ಮನೆಗೆ ಹೊರಟಿದ್ದ ಕೂಲಿಗಳನ್ನು ಸೇನೆಯ ತುಕಡಿ ಉಗ್ರರು ಅಂತ ತಪ್ಪು ತಿಳಿದು ಗುಂಡು ಹಾರಿಸಿತು. 6 ಜನ ಸತ್ತರು. ಆಮೇಲಿನ ಗಲಾಟೆಯೂ ಸೇರಿ ಸತ್ತ ಸಾಮಾನ್ಯ ಜನ 14, ಒಬ್ಬ ಸೈನಿಕನೂ ಸತ್ತ. ರಾಜ್ಯದ ಪೊಲೀಸರು ಸೇನೆಯ 30 ಜನರ ಮೇಲೆ ಚಾರ್ಜ್‌ಶೀಟ್ ಹಾಕಿದರು. ಅವರ ಮೇಲೆ ಕೇಸು ನಡೆಸಲು 2023ರಲ್ಲಿ ಕೇಂದ್ರ ಸರ್ಕಾರ ಅನುಮತಿ ನಿರಾಕರಿಸಿತು. ಅನುಮತಿ ಇಲ್ಲ ಅನ್ನೋ ಕಾರಣಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಕೇಸುಗಳನ್ನು ಮುಕ್ತಾಯ ಮಾಡಿತು. ಇದೇ ಕೋರ್ಟು 2016ರಲ್ಲಿ ಮಣಿಪುರದ ಪ್ರಕರಣದಲ್ಲಿ, ಸೇನೆಗೆ ಪೂರ್ತಿ ರಕ್ಷಣೆ ಅನ್ನುವುದಿಲ್ಲ, ಮಿತಿ ಮೀರಿದ ಬಲಪ್ರಯೋಗದ ತನಿಖೆ ಆಗಲೇಬೇಕು ಅಂದಿತ್ತು. ಎರಡೂ ತೀರ್ಪು ಓದು, ಪಕ್ಕ ಪಕ್ಕ ಇಟ್ಟುಕೊಂಡು ಓದು.

ನನ್ನನ್ನು ಕೇಳಿದರೆ, ಶಿಕ್ಷೆಯ ಮಾತು ಆಮೇಲೆ. ವಿಚಾರಣೆಗೆ ಸರ್ಕಾರ ಬೇಡ ಅಂದರೆ ಯಾಕೆ ಬೇಡ ಅನ್ನುವ ಕಾರಣವಾದರೂ ಸತ್ತವರ ಮನೆಗೆ ಬರವಣಿಗೆಯಲ್ಲಿ ಸಿಗಬೇಕು.

ಪ್ರಶ್ನೆ (ಗೋಕಾಕದ ಶಿಕ್ಷಕಿ):
ಆ ಕಾಬೂಲಿನ ಮನೆಯವರಿಗೆ ಪರಿಹಾರ?

ಉತ್ತರ:
ಕೊಡುತ್ತೇವೆ ಅಂತ ಅಮೆರಿಕ ಹೇಳಿತು ಟೀಚರ್. ಆದರೆ ಇಂಥ ದುಡ್ಡಿಗೆ ಅವರು ಇಟ್ಟಿರುವ ಹೆಸರು ಸಂತಾಪದ ಹಣ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಸಂಕೇಶ್ವರದ ಆ ಹೆಣ್ಣುಮಗಳು ನಾಳೆ ಕೋರ್ಟಿನಲ್ಲಿ ನಿಂತು "ಇದು ನನ್ನ ಹಕ್ಕು" ಅನ್ನಬಹುದು. ಕಾಬೂಲಿನವರಿಗೆ ಆ ಮಾತು ಹೇಳೋಕೆ ಒಂದು ಕಟಕಟೆಯೂ ಇಲ್ಲ.

ಅಥಣಿಯ ತಮ್ಮಾ, ಶನಿವಾರ ಸಂಜೆ ಆಫೀಸಿಗೆ ಬಾ. ಆ ಪಂಚನಾಮೆ ತೋರಿಸುತ್ತೇನೆ.